ವರ ವಿಚಾರಿಸಲು ಬಂದ ಸಾಹೇಬರು

ಎರಡನೇ ಮಹಾಯುದ್ಧ ಶುರುವಾದ ಮರುವರ್ಷದ ಮಾತು. ಆಗ ನಮ್ಮ ಆದವಾನಿ ಮದರಾಸು ಸರ್ಕಾರದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ದೊಡ್ಡ ಕೋರ್ಟಿನ ಕೆಲಸವಿದ್ದರೆ ಗುಂತಕಲ್ಲಿನಲ್ಲಿ ರೈಲು ಬದಲಿಸಿ ಬಳ್ಳಾರಿಗೆ ಹೋಗಬೇಕಿತ್ತು. ನನಗೆ ಹದಿನಾರು ತುಂಬಿತ್ತು. ಮದುವೆಯ ಮಾತುಕತೆ ಮುಗಿದು ನಿಶ್ಚಯದ ಎಲೆ ಅಡಿಕೆ ಶಾಸ್ತ್ರ ಮಾತ್ರ ಬಾಕಿ ಇತ್ತು.

ನಮ್ಮವ್ವ ನಾನು ಸಣ್ಣವಳಿರುವಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ಮತ್ತು ನಾನು. ಅಪ್ಪ ಹತ್ತಿ ದಲಾಲಿ. ಮನೆಯ ಮುಂಭಾಗವೇ ಅಂಗಡಿ, ಹಿಂದೆ ನಾವು. ನಡುವೆ ಇದ್ದದ್ದು ಒಂದೇ ಬಾಗಿಲು. ಆ ಬಾಗಿಲ ಹಿಂದೆ ನಿಂತೇ ನಾನು ಪ್ರಪಂಚವನ್ನೆಲ್ಲ ಕೇಳಿಸಿಕೊಂಡವಳು. ಯಾರು ಬಂದರು, ಯಾರು ಸುಳ್ಳು ಹೇಳಿದರು ಎಂದು ದನಿ ಕೇಳಿಯೇ ಹೇಳುತ್ತಿದ್ದೆ.

ನನ್ನನ್ನು ಕೊಡಬೇಕೆಂದಿದ್ದ ಹುಡುಗನ ಹೆಸರು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಐವತ್ತಕ್ಕೂ ಹೆಚ್ಚು ವರ್ಷ ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಆದರೆ ಬರೆಯದಿದ್ದರೆ ಓದುವವರಿಗೆ ತಿಳಿಯುವುದಿಲ್ಲ. ಮಹಾದೇವಪ್ಪ. ನಮ್ಮ ಪೈಕಿಯವರೇ, ಮೂಲ ಮದ್ದಿಕೇರದವರು. ತಂದೆ ಇಲ್ಲ, ತಾಯಿ ಮಗ ಇಬ್ಬರೇ, ನಮ್ಮಿಂದ ಎರಡು ಓಣಿ ಆಚೆ ಇದ್ದರು. ಸ್ವಂತ ಎತ್ತು, ಸ್ವಂತ ಬಂಡಿ. ಪೆದ್ದಕಡುಬೂರಿನ ಕಡೆಯಿಂದ ಹತ್ತಿ ಹೇರಿಕೊಂಡು ಅಪ್ಪನ ಅಂಗಡಿಗೆ ಬರುತ್ತಿದ್ದರು. ಒಂದು ಎಳೆಯೂ ದಾರಿಯಲ್ಲಿ ಉದುರದಂತೆ ಬಂಡಿ ಕಟ್ಟುತ್ತಾರೆ ಎಂದು ಅಪ್ಪ ಮೆಚ್ಚಿದ್ದ. ನಾನು ಮೆಚ್ಚಿದ್ದು ಬೇರೆ ಕಾರಣಕ್ಕೆ. ಎತ್ತುಗಳಿಗೆ ನೀರು ಕುಡಿಸಿದ ಮೇಲೆಯೇ ತಾವು ನೀರು ಕೇಳುತ್ತಿದ್ದರು.

ಹೀಗಿರುವಾಗ ಓಣಿಯಲ್ಲಿ ಒಬ್ಬ ಹೊಸ ಮನುಷ್ಯ ಕಾಣಿಸಿಕೊಂಡ. ಕಪ್ಪು ಕೋಟು, ತಲೆಗೆ ರುಮಾಲು, ಬಿಸಿಲಿರಲಿ ಬಿಡಲಿ ಕೈಯಲ್ಲೊಂದು ಕೊಡೆ. ಅರ್ಧ ತೆಲುಗು, ಅರ್ಧ ಕನ್ನಡ. ಎಣ್ಣೆ ಅಂಗಡಿಯಲ್ಲಿ ನಿಂತು ಕೇಳಿದನಂತೆ, "ಮಹಾದೇವಪ್ಪ ಅನ್ನೋ ಹುಡುಗ ಮಂಚಿವಾಡೇನಾ, ಒಳ್ಳೆಯವನಾ? ಕುಡಿತ ಏನಾದರೂ ಇದೆಯಾ? ಯಾರ ಜೊತೆ ತಿರುಗುತ್ತಾನೆ?" ಕಮ್ಮಾರನಲ್ಲೂ ಅದೇ, ಬಾವಿಕಟ್ಟೆಯ ಮುದುಕರಲ್ಲೂ ಅದೇ. ತಾನು ಯಾರೆಂದು ಮಾತ್ರ ಹೇಳಲಿಲ್ಲ.

ನಮ್ಮ ಕಡೆ ಇಂಥ ಪ್ರಶ್ನೆ ಕೇಳುತ್ತಾ ಓಣಿ ಸುತ್ತುವ ಮನುಷ್ಯ ಒಬ್ಬನೇ. ಹೆಣ್ಣು ಹೆತ್ತವನು. ಮಗಳನ್ನು ಕೊಡುವ ಮೊದಲು ಹುಡುಗನ ನಡತೆ ಹೀಗೇ ವಿಚಾರಿಸುತ್ತಾರೆ. ಕೇಳಿಸಿಕೊಂಡವರಿಗೂ ಒಂದು ಪದ್ಧತಿ ಇದೆ: ಮದುವೆಗೆ ಅಡ್ಡ ಬರಬಾರದು. ಹಾಗಾಗಿ ಎಲ್ಲರೂ ಒಂದೇ ರಾಗ ಹಾಡಿದರು. ಬಂಗಾರದಂಥ ಹುಡುಗ್ರಿ, ತಲಿ ಎತ್ತಿ ನೋಡಂಗಿಲ್ರಿ ಎಂದರು.

ಸುದ್ದಿ ಅಜ್ಜಿಯ ಕಿವಿಗೆ ಬಿತ್ತು. "ಬಳ್ಳಾರಿ ಕಡಿಂದ ಯಾರೋ ಬಂದಾರಂತೋ. ನಮ್ಮ ಹುಡುಗನ್ನ ಹಾರಿಸಿಕೊಂಡು ಹೋಗ್ತಾರ ನೋಡು. ಎಲಿ ಅಡಿಕಿ ಮುಗಿಸು ಅಂದ್ರ ಹತ್ತಿ ಹತ್ತಿ ಅಂತ ಕುಂತಿ," ಎಂದು ಅಪ್ಪನಿಗೆ ಬೈದಳು.

ಅಪ್ಪ ನಕ್ಕ. "ನನ್ನ ಹತ್ರಾನೂ ಬರ್ತಾನ ತಗಾ. ಬಂದಾಗ ನೋಡ್ಕೋತೀನಿ."

ಬಂದೇ ಬಂದ. ಹುಡುಗ ಹತ್ತಿ ಹಾಕುವುದು ಈ ಅಂಗಡಿಗೆ ಎಂದು ಯಾರೋ ಹೇಳಿದ್ದರಂತೆ. ಅಪ್ಪ ಗಾದಿಯ ಮೇಲೆ ಕೂರಿಸಿ ಮಜ್ಜಿಗೆ ತರಿಸಿದ. ಬಾಗಿಲ ಹಿಂದೆ ನಾನು, ನನ್ನ ಹಿಂದೆ ಅಜ್ಜಿ. ಆ ಮನುಷ್ಯ ಕೊಡೆಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು ಮೆಲ್ಲಗೆ ಕೇಳಿದ, "ಹುಡುಗನಿಗೆ ಕೋಪ ಜಾಸ್ತಿಯಾ? ಯಾರ ಮೇಲಾದರೂ ಕೈ ಮಾಡಿದ್ದು ನೋಡಿದ್ದೀರಾ?"

ಅಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ನೀವು ಊರಿಗೆ ಹೊಸಬ್ರು. ಯಾರೂ ಖರೇ ಹೇಳಂಗಿಲ್ಲ, ನಾ ಹೇಳ್ತೀನಿ ಕೇಳ್ರಿ. ಸಂಜಿ ಆತಂದ್ರ ಹೆಂಡದಂಗಡಿ. ಸಿಟ್ಟು ಮೂಗಿನ ತುದಿಮ್ಯಾಲ ಐತಿ. ಮಾತಿಗಿಂತ ಕೈ ಮುಂದ. ಮೊನ್ನಿ ನನ್ನ ಹಮಾಲಿಗೇ ಹೊಡದಾನ. ನಿಮ್ಮಂಥಾ ದೊಡ್ಡೋರು ಅವನ ಸಾವಾಸಕ್ಕ ಹೋಗಬ್ಯಾಡ್ರಿ."

ಒಂದೂ ನಿಜವಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅಜ್ಜಿ ನನ್ನ ಬೆನ್ನಿಗೆ ಗುದ್ದಿ ತಾನೂ ನಕ್ಕಳು. ಆ ಮನುಷ್ಯನ ಮುಖ ಮಾತ್ರ ಇಳಿದು ಹೋಯಿತು. ಒಳ್ಳೆಯ ವರ ಕೈತಪ್ಪಿತೆಂದು ಬೇಜಾರಾಯಿತೇನೋ ಎಂದುಕೊಂಡೆ. "ನೀವು ಹೇಳಿದ್ದು ಒಳ್ಳೆಯದಾಯಿತು," ಎಂದು ಮಜ್ಜಿಗೆಯನ್ನು ಮುಟ್ಟದೆ ಎದ್ದು ಹೋದ. ಊಟಕ್ಕೆ ಕೂತಾಗ ಅಪ್ಪ ಒಂದು ರೊಟ್ಟಿ ಹೆಚ್ಚೇ ತಿಂದ.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಮಹಾದೇವಪ್ಪನವರ ತಾಯಿ ನಿಂತಿದ್ದರು. ಒಳಗೆ ಬಾ ಎನ್ನುವ ಮೊದಲೇ ಅಜ್ಜಿಯ ಕಾಲ ಬಳಿ ಕೂತು ಅಳತೊಡಗಿದರು. ಅಳುತ್ತಲೇ ಎಲ್ಲ ಹೇಳಿದರು.

ಹಿಂದಿನ ವರ್ಷ ಮಗ ಬಾಡಿಗೆ ಹೇರಿಕೊಂಡು ಬಳ್ಳಾರಿಗೆ ಹೋಗಿದ್ದರು. ಹತ್ತಿ ಸುಗ್ಗಿ, ದಾರಿ ತುಂಬ ಬಂಡಿಗಳು. ಎದುರು ಬಂದ ಬಂಡಿಯವನು ದಾರಿ ಬಿಡದೆ ಇವರ ಎತ್ತಿನ ಮುಖಕ್ಕೆ ಬಾರುಕೋಲಿನಿಂದ ಹೊಡೆದ. ಇವರು ಕೆಳಗೆ ಹಾರಿ ಅದೇ ಕೋಲು ಕಸಿದುಕೊಂಡು ಅವನ ಕೈ ಮುರಿದರು. ಕೇಸಾಯಿತು. ತಪ್ಪು ಮಾಡಿದ್ದು ಹೌದು ಎಂದು ಇವರೇ ಒಪ್ಪಿಕೊಂಡರು. ಚಿಕ್ಕ ವಯಸ್ಸು, ಮೊದಲ ತಪ್ಪು ಎಂದು ಮ್ಯಾಜಿಸ್ಟ್ರೇಟರು ಜೈಲಿಗೆ ಕಳಿಸದೆ, ಎರಡು ವರ್ಷ ಸರಿಯಾಗಿ ನಡೆದುಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿದ್ದರು. ಕುಡಿಯುವಂತಿಲ್ಲ, ಕೈ ಎತ್ತುವಂತಿಲ್ಲ, ಹೇಳದೆ ವಾಸ ಬದಲಿಸುವಂತಿಲ್ಲ. ನಡತೆ ನೋಡಲು ಒಬ್ಬ ಪ್ರೊಬೇಷನ್ ಆಫೀಸರನ್ನು ಸರ್ಕಾರ ನೇಮಿಸಿತ್ತು. ಮೊದಲಿದ್ದವರು ಬಳ್ಳಾರಿಗೇ ಕರೆಸಿ ನೋಡುತ್ತಿದ್ದರು. ಈಗ ಬಂದವರು ತಾವೇ ಊರಿಗೆ ಬಂದು ವಿಚಾರಿಸುವವರು. ಕೇಸಿನ ವಿಷಯ ಬಯಲಾದರೆ ಹುಡುಗನಿಗೆ ಬಾಡಿಗೆ ಸಿಗಲಿಕ್ಕಿಲ್ಲ, ಮರ್ಯಾದೆ ಹೋಗುತ್ತದೆ ಎಂದು ತಾವು ಯಾರೆಂದು ಹೇಳದೆ ಓಣಿಯಲ್ಲಿ ತಿರುಗಿದ್ದರು.

"ನಿನ್ನಿ ಮನಿಗೆ ಬಂದಿದ್ರವ್ವಾ," ಎಂದರು ಆ ತಾಯಿ. "ನಿನ್ನ ಮಗ ಕುಡೀತಾನಂತ, ಮಂದಿಗೆ ಹೊಡೀತಾನಂತ, ಕೋರ್ಟಿಗೆ ಬರೀಬೇಕಾಗ್ತದ ಅಂದ್ರು. ಬರದ್ರ ಜೈಲಂತ. ಯಾರು ಹೇಳಿದ್ರು ಅಂದ್ರ ಹೆಸರು ಹೇಳಲಿಲ್ಲ. ಅವನ ಬಾಯಾಗ ಹುಳಾ ಬೀಳ್ಲಿ. ನಿಮ್ಮ ಮಗ ದೊಡ್ಡ ಮನಷ್ಯ ಅದಾನ, ಸಾಹೇಬ್ರಿಗೆ ಒಂದು ಮಾತು ಹೇಳ್ಸವ್ವಾ."

ಅಜ್ಜಿ ನನ್ನ ಮುಖ ನೋಡಿದಳು. ನಾನು ಅಜ್ಜಿಯ ಮುಖ ನೋಡಿದೆ. ನಮ್ಮಿಂದ ಮುಚ್ಚಿಟ್ಟಿದ್ದರಲ್ಲ ಎಂದು ಅವರ ಮೇಲೂ ಸಿಟ್ಟು, ಸುಮ್ಮನೆ ಇರಲಾರದೆ ಬಾಯಿಗೆ ಬಂದದ್ದು ಹೇಳಿದ ಅಪ್ಪನ ಮೇಲೂ ಸಿಟ್ಟು. ಅಜ್ಜಿ ಆಕೆಗೆ ಮೊಸರನ್ನ ಹಾಕಿ ಉಣ್ಣಿಸಿ, "ನೋಡೋಣ, ಹೋಗು," ಎಂದು ಕಳಿಸಿದಳು.

ಮಧ್ಯಾಹ್ನ ಅಪ್ಪನಿಗೆ ತಿಳಿಸಿದಾಗ ಮನೆ ಹಾರಿಹೋಗುವಂತೆ ಕೂಗಾಡಿದ. "ಕೋರ್ಟ್ ಮೆಟ್ಲು ಹತ್ತಿದೋನಿಗೆ ನನ್ನ ಮಗಳನ್ನ ಕೊಡ್ತಿದ್ನಾ? ಮುಚ್ಚಿಟ್ರು ನೋಡು. ಸಂಬಂಧ ಮುಗೀತು. ಜೈಲಿಗರ ಹೋಗ್ಲಿ, ಹೊಳಿಗರ ಬೀಳ್ಲಿ."

"ಸಂಬಂಧ ಮುಗೀಲಿ. ಮಗಳು ನಿನ್ನಾಕಿ," ಎಂದಳು ಅಜ್ಜಿ. "ಆದ್ರ ನೀ ಹೇಳಿದ ಸುಳ್ಳಿಗೆ ಆತ ಯಾಕ ಜೈಲಿಗೆ ಹೋಗಬೇಕು? ಹೋಗಿ ಸುಳ್ಳು ಅಂತ ಹೇಳಿ ಬಾ."

"ಹ್ಯಾಂಗ ಹೇಳ್ಲಿ?" ಅಪ್ಪನ ದನಿ ಒಮ್ಮೆಲೇ ಇಳಿಯಿತು. "ನಾನು ದಲಾಲಿ ಅದೀನವ್ವಾ. ಟವೆಲ್ಲಿನ ಕೆಳಗ ಬೆರಳು ಹಿಡದು ದರ ಹೇಳಿದ್ರ ಮುಗೀತು, ಮಂದಿ ನಂಬ್ತಾರ. ಸರ್ಕಾರಿ ಮನಷ್ಯನ ಮುಂದ ಸುಳ್ಳು ಹೇಳಿದೆ ಅಂತ ನಾನೇ ಹೇಳಿಕೊಂಡ್ರ ನಾಳಿ ನನ್ನ ಬೆರಳು ಯಾರು ಹಿಡೀತಾರ?"

ಅದು ನೆಪವಲ್ಲ, ನಿಜವಾದ ಭಯ ಎಂದು ನನಗೆ ತಿಳಿಯಿತು. ಅಪ್ಪನ ಬದುಕು ನಿಂತಿದ್ದೇ ಆ ಮಾತಿನ ಮೇಲೆ. ಆದರೂ ನಾನು ಬಾಗಿಲ ಹಿಂದಿನಿಂದ ಈಚೆ ಬಂದೆ. ನನ್ನ ಮದುವೆಯ ವಿಷಯವಾಗಿ ಅಪ್ಪನ ಎದುರು ನಾನು ಬಾಯಿ ತೆರೆದದ್ದು ಅದೇ ಮೊದಲು.

"ಅಪ್ಪಾ, ನನ್ನ ಅವರಿಗೆ ಕೊಡಬ್ಯಾಡ. ನಾ ಕೇಳಂಗಿಲ್ಲ. ಆದ್ರ ಅವರನ್ನ ಸುಳ್ಳೇ ಜೈಲಿಗೆ ಹಾಕಿಸಿ ನನ್ನ ಇನ್ನೊಂದು ಮನಿಗೆ ಕೊಟ್ರ, ಆ ಮನಿಯಾಗ ನನಗ ತುತ್ತು ಇಳಿಯಂಗಿಲ್ಲ," ಎಂದೆ.

ಅಪ್ಪ ಎದ್ದು ರುಮಾಲು ಸುತ್ತಿಕೊಂಡ. ಸಾಹೇಬರು ಸ್ಟೇಷನ್ನಿನ ಹತ್ತಿರದ ಛತ್ರದಲ್ಲಿ ಇಳಿದುಕೊಂಡಿದ್ದರು. ಸಂಜೆಯ ಗಾಡಿಗೆ ಹೋಗುವವರಿದ್ದರು. ಅಪ್ಪ ಒಬ್ಬನೇ ಹೋದರೆ ಅರ್ಧ ದಾರಿಯಿಂದ ತಿರುಗಿ ಬಂದಾನು ಎಂದು ಅಜ್ಜಿಯೂ ಹೊರಟಳು. ಕೈಯಲ್ಲಿ ಮಜ್ಜಿಗೆಯ ತಂಬಿಗೆ. ನನ್ನನ್ನೂ ಕರೆದುಕೊಂಡಳು.

ಛತ್ರದ ಪಡಸಾಲೆಯಲ್ಲಿ ಸಾಹೇಬರು ಹಾಸಿಗೆ ಸುತ್ತುತ್ತಿದ್ದರು. ಅಪ್ಪ ಕೂರಲಿಲ್ಲ. ನಿಂತೇ, "ನಾ ನಿನ್ನಿ ಹೇಳಿದ್ದು ಅಷ್ಟೂ ಸುಳ್ರಿ. ನೀವು ಹೆಣ್ಣು ಕೊಡಾಕ ಬಂದೀರಿ ಅಂದ್ಕೊಂಡೆ. ಆ ಹುಡುಗನಿಗೆ ನನ್ನ ಮಗಳನ್ನ ಕೊಡಬೇಕಂತ ಮಾಡಿದ್ದೆ," ಎಂದ. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ನಮ್ಮಪ್ಪ ಯಾರ ಮುಂದೆಯೂ ಬರಿತಲೆಯಲ್ಲಿ ನಿಂತವನಲ್ಲ. ನೋಡಲಾಗದೆ ನಾನು ತಲೆ ತಗ್ಗಿಸಿದೆ.

ಸಾಹೇಬರು ಮೊದಲು ಸಿಟ್ಟಾದರು. "ನಿಮ್ಮ ಮಾತು ನಂಬಿ ನಾನು ಬರೆದಿದ್ದರೆ ಏನಾಗುತ್ತಿತ್ತು ಗೊತ್ತಾ? ಊರೆಲ್ಲ ಹೊಗಳಿತು. ಹೊಗಳಿಕೆ ಯಾಕೋ ನಂಬಿಕೆ ಬರಲಿಲ್ಲ. ತೆಗಳಿದವರು ನೀವು ಒಬ್ಬರೇ, ಅದಕ್ಕೇ ನಿಜ ಇರಬೇಕು ಅಂದುಕೊಂಡೆ." ಹಾಗೆಂದವರು ಇದ್ದಕ್ಕಿದ್ದಂತೆ ಕೊಡೆಯ ಮೇಲೆ ಗದ್ದ ಊರಿ ನಗತೊಡಗಿದರು. "ಅಂದರೆ ಹೊಗಳಿದವರೂ ಮದುವೆಗೇ ಹೊಗಳಿದ್ದು, ನೀವೂ ಮದುವೆಗೇ ಬೈದದ್ದು. ಹುಡುಗ ಹೇಗಿದ್ದಾನೆ ಅಂತ ನನಗೆ ಇನ್ನೂ ಯಾರೂ ಹೇಳಿಲ್ಲ."

"ಹಂಗಾದ್ರ ಬರೀತೀರೇನ್ರಿ?" ಎಂದಳು ಅಜ್ಜಿ.

"ಇಲ್ಲಮ್ಮಾ. ಇನ್ನು ಮೇಲೆ ಯಾರನ್ನೂ ಕೇಳೋದಿಲ್ಲ. ತಿಂಗಳಿಗೊಮ್ಮೆ ಬಂದು ನಾನೇ ನೋಡುತ್ತೇನೆ. ಮುಚ್ಚಳಿಕೆ ಮುಗಿಯುವ ತನಕ."

ಮಗಳನ್ನು ಕೊಡಲೋ ಬೇಡವೋ ಎಂದು ಅಪ್ಪ ಅವರನ್ನೇ ಕೇಳಿದ. ಅದು ತಮ್ಮ ಕೆಲಸವಲ್ಲ, ಒಂದಕ್ಷರ ಹೇಳುವುದಿಲ್ಲ ಎಂದರು. ಆಗ ಅಜ್ಜಿ ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸುತ್ತಾ, "ನಾವು ಎರಡು ದಿನ ಓಣಿ ತಿರುಗಿ, ನಾಕು ಮಂದಿನ ಕೇಳಿ ಹೆಣ್ಣು ಕೊಟ್ಟುಬಿಡ್ತೀವಿ. ಇವರು ವರ್ಷಗಟ್ಲೆ ಕಣ್ಣಾರೆ ನೋಡ್ತಾರಂತ. ಇಷ್ಟು ವಿಚಾರ್ಸಿ ಯಾರು ಕೊಟ್ಟಾರ? ಅವರು ನೋಡ್ಲಿ, ನಾವೂ ನೋಡೋಣ. ಅವಸರ ಏನೈತಿ," ಎಂದಳು. ಸಾಹೇಬರು ಆ ದಿನ ಮಜ್ಜಿಗೆ ಕುಡಿದರು.

ಮರುದಿನ ಮಹಾದೇವಪ್ಪನವರು ಬಂಡಿ ತಂದು ಅಂಗಳದಲ್ಲಿ ನಿಲ್ಲಿಸಿದರು. ಒಳಗೆ ಬರಲಿಲ್ಲ. "ಮೊದಲೇ ಹೇಳಬೇಕಿತ್ರಿ ಮಾವಾ. ಹೇಳಲಿಲ್ಲ. ತಪ್ಪಾತು," ಎಂದು ಅಲ್ಲಿಂದಲೇ ಅಂದು ಹತ್ತಿ ಇಳಿಸತೊಡಗಿದರು. ಅಪ್ಪ ಅವರ ತಾಯಿಯ ಹತ್ತಿರ ಹೋಗಿ, ಆ ಸುಳ್ಳು ಹೇಳಿದವನು ತಾನೇ ಎಂದು ಹೇಳಿ ಬಂದ. ಬಾಯಲ್ಲಿ ಹುಳ ಬೀಳಲಿ ಎಂದದ್ದಕ್ಕೆ ಅವರು ನಾಚಿ ನೀರಾದರಂತೆ.

ಮುಂದಿನ ಹತ್ತಿ ಸುಗ್ಗಿ ಬಂತು. ಒಂದು ದಿನ ಅಪ್ಪ ಮಾರ್ಕೆಟ್ಟಿನಿಂದ ಮಧ್ಯಾಹ್ನವೇ ಮನೆಗೆ ಬಂದ. ಮುಖ ಒಂಥರಾ ಆಗಿತ್ತು. ಬಂಡಿಗಳು ಸಿಕ್ಕಿಬಿದ್ದು ಗಲಾಟೆಯಾಯಿತಂತೆ. ಒಬ್ಬ ಬಂಡಿಯವನು ಮಹಾದೇವಪ್ಪನವರ ತಾಯಿಯನ್ನು ಎತ್ತಿ ಆಡಬಾರದ ಮಾತು ಆಡಿದ. ಇವರು ಕೆಳಗೆ ಹಾರಿದರು. ಸುತ್ತಲಿನವರು ಮುಗೀತು ಎಂದುಕೊಂಡರು. ಇವರು ಎತ್ತು ಬಿಚ್ಚಿ, ಬೇವಿನ ಮರದ ಬುಡಕ್ಕೆ ಹೋಗಿ, ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ಕೂತುಬಿಟ್ಟರಂತೆ. ಬೈಯುವವನು ಬೈದು ಬೈದು ಸುಸ್ತಾಗಿ ಹೋಗುವ ತನಕ ಕಣ್ಣಲ್ಲಿ ನೀರು ಸುರಿಯುತ್ತಿತ್ತಂತೆ, ಕೈ ಮಾತ್ರ ಈಚೆ ಬರಲಿಲ್ಲವಂತೆ.

"ನಾ ಕಣ್ಣಾರೆ ನೋಡಿದೆ," ಎಂದ ಅಪ್ಪ. "ಎಲಿ ಅಡಿಕಿ ತರ್ಸವ್ವಾ."

ಹೀಗೆ ನನ್ನ ಮದುವೆಯಾಯಿತು. ಮುಚ್ಚಳಿಕೆ ಮುಗಿಯಲು ಇನ್ನೂ ಕೆಲವು ತಿಂಗಳು ಇದ್ದವು. ಸಾಹೇಬರು ತಿಂಗಳು ತಿಂಗಳು ಬರುತ್ತಿದ್ದರು. ಬಾಗಿಲಲ್ಲಿ ಕೆಮ್ಮಿ, ಕೊಡೆ ಮಡಿಸಿ, ಕಟ್ಟೆಯ ಮೇಲೆ ಕೂತು ಇವರ ಕೆಲಸ, ಎತ್ತು, ಆರೋಗ್ಯ ಎಲ್ಲ ಕೇಳುತ್ತಿದ್ದರು. ಆಮೇಲೆ ಇವರನ್ನು ಎತ್ತಿನ ಕಡೆ ಕಳಿಸಿ ನನ್ನನ್ನು ಕರೆಯುತ್ತಿದ್ದರು. "ಏನಮ್ಮಾ, ಈ ಮನೆಯಲ್ಲಿ ನಿನಗೇನಾದರೂ ತೊಂದರೆ ಇದೆಯಾ? ಹೆದರಬೇಡ, ಹೇಳು."

ಮೊದಲ ಸಲ ಕೇಳಿದಾಗ ಇಲ್ರಿ ಎಂದು ಒಳಗೆ ಹೋಗಿಬಿಟ್ಟೆ. ಅವರಿಗೆ ಅದು ಕರ್ತವ್ಯ ಇರಬಹುದು. ಆದರೆ ನೋಡಿ, ಹುಡುಗ ಹೇಗೆ ಎಂದು ಊರೆಲ್ಲ ವಿಚಾರಿಸಿದ್ದರು. ಮದುವೆಯಾದ ಮೇಲೆ ನೀನು ಹೇಗಿದ್ದೀ ಎಂದು ನನ್ನನ್ನು ಕೂರಿಸಿ ಕೇಳಿದವರು ಯಾರೂ ಇರಲಿಲ್ಲ. ಅಪ್ಪನೂ ಕೇಳಲಿಲ್ಲ, ಅಜ್ಜಿಯೂ ಕೇಳಲಿಲ್ಲ. ಕೊಟ್ಟ ಮೇಲೆ ಮುಗಿಯಿತು ಎನ್ನುವ ಕಾಲ ಅದು. ಆ ರಾತ್ರಿ ಅಡುಗೆಮನೆಯಲ್ಲಿ ಕೂತು ಸುಮ್ಮಸುಮ್ಮನೆ ಅತ್ತೆ.

ಮುಚ್ಚಳಿಕೆ ಮುಗಿದ ದಿನ ಸಾಹೇಬರು ಕಡೆಯ ಸಲ ಬಂದರು. ಇನ್ನು ಬರುವುದಿಲ್ಲ ಎಂದಾಗ ಅಪ್ಪನೇ, "ಯಾಕ ಬರಂಗಿಲ್ರಿ? ಸುಮ್ಮನ ಮಜ್ಜಿಗಿ ಕುಡ್ಯಾಕ ಬರ್ರಿ," ಎಂದ. ಅವರು ಹೊರಟು ಹೋದ ಮೇಲೆ ನನ್ನ ಮುಖ ಸಪ್ಪಗಾಗಿತ್ತು. ಇವರು ಯಾಕೆಂದು ಕೇಳಿದರು. "ಇನ್ನ ನನ್ನ ಕೇಳೋರು ಯಾರು?" ಎಂದು ಬಾಯಿ ತಪ್ಪಿ ಅಂದುಬಿಟ್ಟೆ.

ಮುಂದಿನ ತಿಂಗಳು ಸಂಜೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಇವರೇ, ಕೈಯಲ್ಲಿ ಒಂದು ಕೊಡೆ. ಕಟ್ಟೆಯ ಮೇಲೆ ಕೂತು, ಕೊಡೆಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು, "ಏನಮ್ಮಾ, ಈ ಮನೆಯಲ್ಲಿ ನಿನಗೇನಾದರೂ ತೊಂದರೆ ಇದೆಯಾ?" ಎಂದು ಸಾಹೇಬರ ದನಿಯಲ್ಲೇ ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಧೈರ್ಯ ಬಂತು. "ಐತ್ರಿ ಸಾಹೇಬ್ರ. ಮನಿ ಯಜಮಾನ್ರು ಮೊನ್ನಿ ಅವರವ್ವನ ಮುಂದ ನನ್ನ ರೊಟ್ಟಿ ದಪ್ಪ ಅಂತ ಹೆಸರಿಟ್ರು," ಎಂದೆ. ಸಾಹೇಬರು ಗಂಭೀರವಾಗಿ ತಲೆದೂಗಿ, "ನಾನು ಅವನಿಗೆ ಹೇಳುತ್ತೇನೆ," ಎಂದರು.

ಆಟದಂತೆ ಶುರುವಾದದ್ದು ಬದುಕೆಲ್ಲ ನಡೆಯಿತು. ಗಂಡನಿಗೆ ಹೇಳಲಾಗದ ಎಷ್ಟೋ ಮಾತು ನಾನು ಆ ಕೊಡೆಯ ಸಾಹೇಬರಿಗೆ ಹೇಳಿದ್ದೇನೆ. ಒಮ್ಮೊಮ್ಮೆ ಅಳುತ್ತಲೂ ಹೇಳಿದ್ದೇನೆ. ಕೊಡೆ ಕೈಯಲ್ಲಿರುವ ತನಕ ಅವರು ಒಂದು ದಿನವೂ ಎದುರು ಮಾತಾಡಲಿಲ್ಲ. ಮಕ್ಕಳು ನಮ್ಮನ್ನು ನೋಡಿ ನಗುತ್ತಿದ್ದರು. ನಗಲಿ ಬಿಡಿ.

ಕಡೆಯ ದಿನಗಳಲ್ಲಿ ಇವರಿಗೆ ಏಳಲಾಗುತ್ತಿರಲಿಲ್ಲ. ಒಂದು ಸಂಜೆ ಕೊಡೆ ತೂಗುಹಾಕಿದ್ದ ಗೂಟದ ಕಡೆ ಕಣ್ಣಲ್ಲೇ ತೋರಿಸಿದರು. ಕೊಡೆ ತಂದು ಕೈಗಿಟ್ಟೆ. ಹಿಡಿಯಲು ಬಲವಿರಲಿಲ್ಲ, ನಾನೇ ಬೆರಳು ಮಡಚಿದೆ. ಉಸಿರು ಕೂಡಿಸಿಕೊಂಡು, "ಏನಮ್ಮಾ... ತೊಂದರೆ ಇದೆಯಾ?" ಎಂದರು.

"ಐತ್ರಿ ಸಾಹೇಬ್ರ," ಎಂದೆ. "ಮನಿ ಯಜಮಾನ್ರು ಹೋಗ್ತೀನಿ ಅಂತಾರ."

ಅವರು ನಕ್ಕರು. 'ನಾನು ಅವನಿಗೆ ಹೇಳುತ್ತೇನೆ' ಎಂದು ಈ ಸಲ ಅನ್ನಲಿಲ್ಲ.

ಈಗ ಆರು ತಿಂಗಳ ಹಿಂದೆ ನನ್ನ ಮೊಮ್ಮಗಳ ಮದುವೆಯಾಯಿತು, ಪತ್ತಿಕೊಂಡಕ್ಕೆ ಕೊಟ್ಟಿದ್ದೇವೆ. ಹುಡುಗನ ಓದು, ಕೆಲಸ, ಚಟ ಎಲ್ಲ ನಮ್ಮ ಮಕ್ಕಳು ಚೆನ್ನಾಗಿಯೇ ವಿಚಾರಿಸಿದ್ದರು. ಹೋದ ವಾರ ನಾನು ಅವಳ ಮನೆಗೆ ಹೋಗಿದ್ದೆ. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಕೊಡೆ ಯಾಕಜ್ಜಿ ಎಂದಳು. ನಾನು ಮಂಚದ ಮೇಲೆ ಕೂತು, ಕೊಡೆಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು, "ಏನಮ್ಮಾ, ಈ ಮನೆಯಲ್ಲಿ ನಿನಗೇನಾದರೂ ತೊಂದರೆ ಇದೆಯಾ? ಹೆದರಬೇಡ, ಹೇಳು," ಎಂದು ಕೇಳಿದೆ. ಅವಳು ಮೊದಲು ನಕ್ಕಳು. ಆಮೇಲೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ನನ್ನ ಪಕ್ಕದಲ್ಲಿ ಕೂತಳು.